ಪಿಯಾನೋ ಪಕ್ಕದ ಮೂಲೆ

ಅಕ್ಟೋಬರ್ 9, ಗುರುವಾರ

ಅಧ್ಯಕ್ಷ ಪದವಿಗೆ ಪಕ್ಷದ ಟಿಕೆಟ್ ಕೇಳುತ್ತಿರುವ ಸೆನೆಟರ್ ಮಿರಿಯಮ್ ಸ್ಟ್ರಾಂಡ್ ಇಂದು ನಮ್ಮೂರ ಅಗ್ನಿಶಾಮಕ ಠಾಣೆಗೆ ಬಂದಿದ್ದರು. ನೋಡಲು ಬಂದವರು ಒಂದು ಬೆಂಚು ತುಂಬುವಷ್ಟು ಜನ, ಅದರಲ್ಲಿ ಅರ್ಧ ಅಗ್ನಿಶಾಮಕದವರೇ. ನಾನು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸ ಮುಗಿಸಿ ಮನೆಗೆ ಹೊರಟವಳು, ಬಿಸಿ ಕಾಫಿ ಸಿಗುತ್ತದೆಂದು ಒಳಗೆ ಹೋದೆ.

ನಮ್ಮ ಪಕ್ಕದ ಹೊಲದ ವೆಂಡೆಲ್ ಎದ್ದು ನಿಂತು ಕೇಳಿದ. "ನಮ್ಮ ಬಾವಿ ನೀರು ಮಕ್ಕಳಿಗೆ ಕೊಡಬೇಡಿ, ನೈಟ್ರೇಟ್ ಜಾಸ್ತಿಯಿದೆ ಅಂತಾರೆ. ಇದನ್ನ ಸರಿ ಮಾಡೋರು ಯಾರಮ್ಮ?"

ಸೆನೆಟರ್ ಅವನ ಫೋನ್ ನಂಬರ್ ಬರೆದುಕೊಂಡರು. ಆಮೇಲೆ, "ನನಗೆ ಗೊತ್ತಿಲ್ಲ. ತಿಳ್ಕೊಂಡು ನಿಮಗೆ ಫೋನ್ ಮಾಡ್ತೀನಿ" ಎಂದರು.

ನಮ್ಮ ಐಯೋವಾ ರಾಜ್ಯದಲ್ಲಿ ಹುಟ್ಟಿದವರಿಗೆ ರಾಜಕಾರಣಿಗಳು ಹೊಸಬರಲ್ಲ. ಪಕ್ಷದ ಟಿಕೆಟ್ ಯಾರಿಗೆಂದು ನಾಲ್ಕು ವರ್ಷಕ್ಕೊಮ್ಮೆ ಮೊದಲು ನಮ್ಮನ್ನೇ ಕೇಳಬೇಕಾದ್ದರಿಂದ ಎಲ್ಲರೂ ಬರುತ್ತಾರೆ, ನಮ್ಮ ಜೋಳ ತಿನ್ನುತ್ತಾರೆ, ಹಂದಿಗಳನ್ನು ಹೊಗಳುತ್ತಾರೆ. ಚಿಕ್ಕಂದಿನಿಂದ ಎಷ್ಟೋ ಜನರ ಮಾತು ಕೇಳಿದ್ದೇನೆ. ಅವರೆಲ್ಲರಿಗೂ ಎಲ್ಲವೂ ಗೊತ್ತಿತ್ತು.

ಊಟದ ಹೊತ್ತಿನಲ್ಲಿ ಆರ್ಲೋಗೆ ಹೇಳಿದೆ. ನನ್ನ ಗಂಡ ನಕ್ಕ. "ಸೆನೆಟ್ಟಿಗೆ ಬಂದು ಎರಡು ವರ್ಷ. ಎರಡು ವರ್ಷದ ಕೆಲಸದಾಳಿಗೆ ನಾನು ಹಂದಿ ಲಾರೀನ ಹಿಂದಕ್ಕೆ ತಗೊಳ್ಳೋಕೂ ಬಿಡಲ್ಲ. ಇವಳಿಗೆ ದೇಶ ಬೇಕಂತೆ."

ಅವನು ಹೇಳುವುದರಲ್ಲಿ ತಪ್ಪೇನಿಲ್ಲ. ಅವನೂ ಅವನ ಅಣ್ಣ ಲಾವರ್ನ್ ಭಾವನವರೂ ಅದೇ ಟಿಕೆಟ್ ಕೇಳುತ್ತಿರುವ ಸೆನೆಟರ್ ವಿಟ್ಕಾಂಬ್ ಕಡೆ. ವಿಟ್ಕಾಂಬ್ ಸೆನೆಟ್ಟಿನಲ್ಲಿ ಮೂವತ್ತು ವರ್ಷ ಕುಳಿತವರು. ಭಾವನವರಿಗೆ ಕ್ರಿಸ್ಮಸ್ ಕಾರ್ಡ್ ಕಳಿಸುತ್ತಾರೆ.

ದೇವರೇ, ಈ ದಿನದ ಊಟಕ್ಕೆ, ಆರ್ಲೋನ ಬೆನ್ನು ನೋವು ಇಳಿದದ್ದಕ್ಕೆ, ಮಳೆ ಬರುವ ಮುಂಚೆ ಸೋಯಾ ಕೊಯ್ಲು ಮುಗಿಸಿಕೊಟ್ಟದ್ದಕ್ಕೆ ನಿನಗೆ ಸ್ತೋತ್ರ. ನನ್ನ ಮನಸ್ಸನ್ನು ಅಲ್ಲಿ ಇಲ್ಲಿ ಅಲೆಯಲು ಬಿಡಬೇಡ. ಆಮೆನ್.

ನವೆಂಬರ್ 1, ಶನಿವಾರ

ಧಾನ್ಯದ ಅಂಗಡಿಯಲ್ಲಿ ವೆಂಡೆಲ್ ಸಿಕ್ಕಿದ. ಸೆನೆಟರ್ ಫೋನ್ ಮಾಡಿದ್ದರಂತೆ, ಅವರೇ, ಊಟದ ಮಧ್ಯೆ. ನೀರು ಕೆಡುವುದಕ್ಕೆ ನಾವು ಹೊಲಕ್ಕೆ ಹಾಕುವ ಗೊಬ್ಬರವೂ ಕಾರಣ ಎಂದು ಹೇಳಿದರಂತೆ.

"ಉತ್ತರ ನನಗೆ ಒಂಚೂರೂ ಹಿಡಿಸಲಿಲ್ಲ," ಎಂದ ವೆಂಡೆಲ್. "ಆದ್ರೆ ಫೋನ್ ಮಾಡಿದ್ಲಲ್ಲ. ನಾನು ಅವಳ ಕಡೆ."

ಮಧ್ಯಾಹ್ನ ಸೆನೆಟರ್ ಕಡೆಯ ಕೊರಿನ್ ಎಂಬ ಹೆಂಗಸು ಮನೆಗೇ ಬಂದಳು. ಬೋಸ್ಟನ್ನಿನವಳು, ತೆಳ್ಳನೆ ಕೋಟು, ಕೆಸರಿಗೆ ಆಗದ ಬೂಟು. ನಮ್ಮ ಮತಗಟ್ಟೆಗೆ ಅವರ ಪರವಾಗಿ ಮುಂದಾಳು ಬೇಕಂತೆ.

ಕಾಕಸ್ ಎಂದರೇನೆಂದು ನನಗೇ ವಿವರಿಸತೊಡಗಿದಳು. ಜನವರಿಯಲ್ಲಿ ಒಂದು ಸಂಜೆ ಎಲ್ಲರೂ ಒಂದೆಡೆ ಸೇರುತ್ತಾರೆ, ಚೀಟಿ ಹಾಕುವುದಿಲ್ಲ, ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲುತ್ತಾರೆ, ತಲೆ ಎಣಿಸುತ್ತಾರೆ. ನೂರಕ್ಕೆ ಹದಿನೈದು ಜನ ಇಲ್ಲದ ಗುಂಪು ಚದುರಿ ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಅರ್ಧ ಗಂಟೆಯೊಳಗೆ ಬೇರೆಯವರನ್ನು ಎಳೆದುಕೊಳ್ಳಬೇಕು. ನಾನು ಅವಳ ಮಾತು ಮುಗಿಯುವವರೆಗೂ ಕೇಳಿದೆ. ಪಾಪ, ಕಷ್ಟಪಟ್ಟು ಕಲಿತಿದ್ದಳು.

"ನಾನು ಹದಿನೆಂಟು ತುಂಬಿದಾಗಿನಿಂದ ಚರ್ಚಿನ ಹಾಲ್‌ನಲ್ಲಿ ನಿಲ್ತಾ ಇದೀನಮ್ಮ" ಎಂದೆ. "ಆದ್ರೆ ನಿಲ್ಲೋದು ಮಾತ್ರ. ನಾನು ಮಾತುಗಾರಳಲ್ಲ. ಬೇರೆ ಯಾರನ್ನಾದ್ರೂ ನೋಡಿ."

"ಬೇರೆ ಯಾರೂ ಇಲ್ಲ" ಎಂದಳು ಅವಳು.

ಒಪ್ಪಿಕೊಂಡೆ. ಎರಡು ಷರತ್ತು ಹಾಕಿದೆ. ಭಾನುವಾರ ಯಾರಿಗೂ ಈ ವಿಷಯಕ್ಕೆ ಫೋನ್ ಮಾಡುವುದಿಲ್ಲ. ಸಭೆಯಲ್ಲಿ ಎದ್ದು ಭಾಷಣ ಮಾಡುವುದಿಲ್ಲ.

ನವೆಂಬರ್ 16, ಭಾನುವಾರ

ಪಾದ್ರಿಗಳು ಇಂದು ದಾವೀದನ ಬಗ್ಗೆ ಪ್ರಸಂಗ ಮಾಡಿದರು. ಅಣ್ಣಂದಿರೆಲ್ಲ ಎತ್ತರದ ಆಳುಗಳು, ದೇವರು ಆರಿಸಿದ್ದು ಕುರಿ ಕಾಯುತ್ತಿದ್ದ ಕಿರಿಯವನನ್ನು. ನಾನು ಆರ್ಲೋನ ಕಡೆ ಓರೆಗಣ್ಣಲ್ಲಿ ನೋಡಿದೆ.

ಕಾರಿನಲ್ಲಿ ಅವನು, "ಆ ಹುಡುಗನಿಗೂ ಸಿಂಹಾಸನ ಸಿಗೋಕೆ ಎಷ್ಟು ವರ್ಷ ಹಿಡೀತು ನೆನಪಿದ್ಯಾ? ಗುಹೆ ಗುಹೆ ಅಲೆದ. ಅನುಭವ ಆಯ್ತು. ನಿನ್ನ ಮಿರಿಯಮ್ ಯಾವ ಗುಹೇಲಿದ್ಲು?" ಎಂದ.

ಬೈಬಲ್ಲು ಅವನಿಗೂ ಗೊತ್ತಿದೆ, ಅದೇ ತೊಂದರೆ.

ಡಿಸೆಂಬರ್ 5, ಶುಕ್ರವಾರ

ಫೋನ್ ಹಚ್ಚುವುದು ಹೊಲದಲ್ಲಿ ಕಲ್ಲು ಆರಿಸಿದ ಹಾಗೆ. ಬೆನ್ನು ಬಗ್ಗಿಸಿ ಒಂದೊಂದೇ.

ನನ್ನ ಜೊತೆ ಶಾಲೆ ಕಲಿತ ಮಾವಿಸ್‌ಗೆ ಮಾಡಿದೆ. ಅವಳು ಅಂದದ್ದು: "ಹೇಗೇ ಹೇಳಲಿ ಈಗಲೇ? ಆ ಸೆನೆಟರನ್ನ ಎರಡೇ ಸಲ ಮಾತಾಡಿಸಿದೀನಿ."

"ಬೇರೆ ರಾಜ್ಯದವರು ಟಿವಿಯಲ್ಲಿ ನೋಡಿ ಹೇಳ್ತಾರೆ ಮಾವಿಸ್."

"ಅದಕ್ಕೇ ದೇಶ ಹೀಗಿರೋದು."

ನಮ್ಮ ಚರ್ಚಿನ ಅಡುಗೆಮನೆ ನಡೆಸುವ ಆರ್ಡಿತ್, ಅವರ ತಂಗಿಯರಿಬ್ಬರು, ಮೂವರೂ ಬರುತ್ತೇವೆ ಎಂದರು. ಅವರು ಒಟ್ಟಿಗೆ ಮಾತು ಕೊಟ್ಟರೆ ಒಟ್ಟಿಗೆ ಬರುತ್ತಾರೆ. ಮೂರು ಗಟ್ಟಿ ತಲೆ.

ಲಾವರ್ನ್ ಭಾವ ದಾರಿಯಲ್ಲಿ ಲಾರಿ ನಿಲ್ಲಿಸಿ ಕಿಟಕಿ ಇಳಿಸಿದರು. ನಮ್ಮ ಮತಗಟ್ಟೆಯ ಕಾಕಸ್ಸಿಗೆ ಅವರೇ ಅಧ್ಯಕ್ಷರು, ಬಹಳ ಕಾಲದಿಂದ. "ಏನಮ್ಮ ವರ್ಲಾ, ನಿನಗೆ ಪಿಯಾನೋ ಪಕ್ಕದ ಮೂಲೆ ಇಟ್ಟಿದೀನಿ. ಒಬ್ಬಳೇ ನಿಂತ್ರೆ ಬೇಜಾರಾಗಬಾರದಲ್ಲ, ಪಿಯಾನೋ ಬಾರಿಸ್ಕೊ."

ನಾನು ನಕ್ಕು ಮನೆ ದಾರಿ ಹಿಡಿದೆ. ಮನೆಗೆ ಬಂದ ಮೇಲೆ ಉತ್ತರ ಹೊಳೆಯಿತು.

ಡಿಸೆಂಬರ್ 21, ಭಾನುವಾರ

ಚರ್ಚಿನ ನಂತರ ಆರ್ಡಿತ್ ಅವರಿಗೆ ಫೋನ್ ಮಾಡಿದೆ, ಅವರ ಕೆಮ್ಮು ಹೇಗಿದೆ ಎಂದು ಕೇಳಲು. ಕೆಮ್ಮು ವಾಸಿ. ಮಾತಿನ ಕೊನೆಗೆ ಜನವರಿ ಹತ್ತೊಂಬತ್ತರ ಕಾಕಸ್ ವಿಷಯ ತಾನಾಗಿಯೇ ಬಂತು.

ಟಿವಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಹೇಳುತ್ತಿದ್ದ, ಇಷ್ಟು ಕಡಿಮೆ ಅನುಭವದವರಿಗೆ ಪಕ್ಷ ಟಿಕೆಟ್ ಕೊಡುವುದುಂಟೇ ಎಂದು. ಮಿರಿಯಮ್ ಎಲ್ಲೋ ಒಂದು ಕಡೆ ಯಾವುದೋ ಪರದೇಶದ ಪ್ರಧಾನಿಯ ಹೆಸರು ತಪ್ಪಾಗಿ ಹೇಳಿದಳಂತೆ. ನಾಲ್ಕು ದಿನದಿಂದ ಅದೇ. ಟಿವಿ ಆರಿಸಿದೆ. ಇವರು ಹೇಳುವುದೇ ನಿಜವಾದರೆ? ನಾನು ನೆರೆಹೊರೆಯವರನ್ನೆಲ್ಲ ತಪ್ಪು ದಾರಿಗೆ ಎಳೆಯುತ್ತಿದ್ದರೆ?

ಬಹಳ ಹೊತ್ತು ಪ್ರಾರ್ಥಿಸಿದೆ. ಗೆಲ್ಲಿಸು ಎಂದು ಕೇಳಲು ಬಾಯಿ ಬರಲಿಲ್ಲ, ಲಾವರ್ನ್ ಭಾವನೂ ಅದೇ ದೇವರನ್ನು ಕೇಳುತ್ತಿರುತ್ತಾರೆ. ದಾರಿ ತೋರಿಸು ಎಂದೆ. ದಾರಿಯೇನೂ ಕಾಣಲಿಲ್ಲ. ಕೊನೆಗೆ ಎದ್ದು ಕ್ರಿಸ್ಮಸ್ಸಿನ ಬ್ರೆಡ್ಡಿಗೆ ಹಿಟ್ಟು ನಾದಿದೆ.

ಜನವರಿ 3, ಶನಿವಾರ

ಕೊರಿನ್ ಜಗಳಕ್ಕೆ ಬಂದಳು. ದೊಡ್ಡ ಕಚೇರಿಯವರು ನಮ್ಮ ಕಡೆಯವರೆಲ್ಲರ ಮನೆ ಮುಂದೆಯೂ ಮಿರಿಯಮ್ ಹೆಸರಿನ ಫಲಕ ನೆಡಿಸು ಎಂದಿದ್ದಾರಂತೆ. ಬೇಡವೆಂದೆ. ನೆಲ ಕಲ್ಲಾಗಿದೆ, ಫಲಕ ನಿಲ್ಲದು. ಅದಕ್ಕಿಂತ, ಫಲಕ ಕಂಡರೆ ಲಾವರ್ನ್ ಭಾವನಿಗೆ ಯಾರ ಮನೆಗೆ ಹೋಗಿ ಬುದ್ಧಿ ಹೇಳಬೇಕೆಂದು ಗೊತ್ತಾಗುತ್ತದೆ.

"ಇದನ್ನೆಲ್ಲ ಯಾರು ಹೇಳಿಕೊಟ್ರು ನಿಮಗೆ?" ಎಂದಳು ಕೊರಿನ್.

ಯಾರು ಹೇಳಿಕೊಡಬೇಕು? ನಾನು ಈ ಮನೆತನಕ್ಕೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಯಿತು.

ಅವಳಿಗೆ ಒಂದು ಜೊತೆ ಹಳೆಯ ಬೂಟು ಕೊಟ್ಟೆ, ಕಾಲಿಗೆ ಸ್ವಲ್ಪ ದೊಡ್ಡದು.

ಜನವರಿ 12, ಸೋಮವಾರ

ಮಿರಿಯಮ್ ಶಾಲೆಯ ಜಿಮ್ಮಿಗೆ ಬಂದಿದ್ದಳು. ಈಗ ಜನ ಗೋಡೆಗೆ ಅಂಟಿ ನಿಲ್ಲುವಷ್ಟು. ಮಾವಿಸ್‌ಳನ್ನು ತೋಳು ಹಿಡಿದು ಅವಳ ಎದುರಿಗೆ ಒಯ್ದು ನಿಲ್ಲಿಸಿದೆ. ಇಬ್ಬರೂ ಕೋಳಿಗಳ ಬಗ್ಗೆ ಮಾತಾಡಿದರು.

"ಈಗ?" ಎಂದೆ ಹೊರಗೆ ಬಂದ ಮೇಲೆ.

"ಮೂರು ಸಲ ಆಯ್ತು ಅಷ್ಟೇ" ಎಂದಳು ಮಾವಿಸ್. "ಕೋಳಿ ವಿಷಯ ಗೊತ್ತು ಅವಳಿಗೆ. ಆದ್ರೆ ಯುದ್ಧ ಬಂದ್ರೆ ಕೋಳಿ ಏನ್ಮಾಡತ್ತೆ?"

ಮಿರಿಯಮ್‌ಗೆ ದಣಿವಾಗಿತ್ತು, ಕಣ್ಣ ಕೆಳಗೆ ಕಪ್ಪು. ಇವಳಿಗೆ ಸರಿಯಾಗಿ ಊಟ ಹಾಕುವವರು ಯಾರೂ ಇಲ್ಲವೇ? ಬಂದವರಲ್ಲಿ ನಮ್ಮ ಮತಗಟ್ಟೆಯವರು ಯಾರು ಯಾರು ಚಪ್ಪಾಳೆ ತಟ್ಟಲಿಲ್ಲವೆಂದು ನೋಡಿಕೊಂಡೆ.

ಜನವರಿ 18, ಭಾನುವಾರ

ಬೆಳಿಗ್ಗೆ ಏಳು ಜನಕ್ಕೆ ಫೋನ್ ಮಾಡಿದೆ. ಚರ್ಚಿನ ನಂತರ ಮತ್ತೆ ಹಚ್ಚಿದೆ. ದಾಲ್ಚಿನ್ನಿ ರೋಲ್ ನಾಲ್ಕು ತಟ್ಟೆ ಬೇಯಿಸಿದೆ, ಬಾಯಿ ಆಡುತ್ತಿದ್ದರೆ ಜನ ಬೇಗ ಎದ್ದು ಹೋಗುವುದಿಲ್ಲ. ನನ್ನನ್ನೂ ಸೇರಿಸಿ ಹದಿನಾಲ್ಕು ಜನ ಆಗುತ್ತೇವೆ. ಹನ್ನೆರಡು ಸಾಕಾಗಬಹುದು.

ದೇವರೇ, ರಸ್ತೆಯ ಮೇಲೆ ಹಿಮಗಡ್ಡೆ ಕಟ್ಟದಿರಲಿ. ಆಮೆನ್.

ಜನವರಿ 19, ಸೋಮವಾರ

ಎಲ್ಲವನ್ನೂ ಬರೆದೇ ಮಲಗಬೇಕು.

ಹಿಮಗಡ್ಡೆ ಕಟ್ಟಿತು. ಬರುತ್ತೇವೆಂದವರಲ್ಲಿ ಇಬ್ಬರು ಮನೆಯಿಂದ ಹೊರಡಲೇ ಇಲ್ಲ. ಆದರೂ ಚರ್ಚಿನ ಕೆಳಗಿನ ಹಾಲ್ ತುಂಬಿತ್ತು, ಕೋಟು ನೇತುಹಾಕಲು ಮೊಳೆ ಸಾಲಲಿಲ್ಲ. ಹೆಸರು ಬರೆಸಿದವರು ಎಂಬತ್ತು ಜನ. ಲಾವರ್ನ್ ಭಾವ ಮೇಜಿನ ಮೇಲೆ ಸುತ್ತಿಗೆ ಬಡಿದು, "ಒಂದು ಗುಂಪು ಉಳೀಬೇಕಾದ್ರೆ ಹನ್ನೆರಡು ಜನ" ಎಂದು ಸಾರಿದರು. ಬಾಗಿಲ ಹತ್ತಿರ ವಿಟ್ಕಾಂಬ್ ಕಡೆಯವರು, ಕಿಟಕಿ ಹತ್ತಿರ ಟಿಕೆಟ್ ಕೇಳುತ್ತಿರುವ ಒಬ್ಬ ಗವರ್ನರ್ ಕಡೆಯವರು, ಬೈಬಲ್ ಕಪಾಟಿನ ಬಳಿ ಇನ್ನೂ ತೀರ್ಮಾನಿಸದವರು, ಪಿಯಾನೋ ಪಕ್ಕ ನಾವು.

ಎಣಿಸುವ ಮೊದಲು ಪ್ರತಿ ಗುಂಪಿನ ಮುಂದಾಳು ನಾಲ್ಕು ಮಾತಾಡಬೇಕು. ಕೊರಿನ್ ಬರೆದುಕೊಟ್ಟದ್ದನ್ನು ಓದಿದೆ. ಅದರಲ್ಲಿ "ಹೊಸ ಪೀಳಿಗೆಯ ನಾಯಕತ್ವ" ಎಂದೆಲ್ಲ ಇತ್ತು. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ವಿಟ್ಕಾಂಬ್ ಮೂಲೆಯಲ್ಲಿ ಆರ್ಲೋ ತನ್ನ ಬೂಟು ನೋಡುತ್ತ ನಿಂತಿದ್ದ.

ಎಣಿಸಿದರು. ನಮ್ಮ ಮೂಲೆಯಲ್ಲಿ ಒಂಬತ್ತು.

ಮತ್ತೆ ಎಣಿಸಿ ಎಂದೆ. ಒಂಬತ್ತೇ.

"ಒಟ್ಟು ಲೆಕ್ಕದಲ್ಲೂ ಮೂರು ಕಡಿಮೆ ಬರ್ತಾ ಇದೆ" ಎಂದರು ಭಾವ. "ಯಾರೋ ಸಿಗರೇಟಿಗೆ ಹೋಗಿರಬೇಕು. ಇರ್ಲಿ, ಅರ್ಧ ಗಂಟೆ ಇದೆ, ಆಮೇಲೆ ಕೊನೇ ಎಣಿಕೆ. ವರ್ಲಾ, ನಿನ್ನವರನ್ನ ಕರ್ಕೊಂಡು ಈ ಕಡೆ ಬಂದುಬಿಡು. ನಮ್ಮಲ್ಲಿ ಜಾಗ ಇದೆ, ಬೈಯೋರು ಯಾರೂ ಇಲ್ಲ."

ನಮ್ಮವರಲ್ಲಿ ಒಂದಿಬ್ಬರು ಆಗಲೇ ಅತ್ತ ನೋಡತೊಡಗಿದ್ದರು. ಆಗ ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿಸಿತು.

ಸಂಜೆ ಬಾಗಿಲಲ್ಲೇ ಆರ್ಡಿತ್ ಅವರಿಗೆ, ಕಾಫಿ ಸ್ವಲ್ಪ ನೋಡಿಕೊಳ್ಳಿ ಎಂದವಳು ನಾನೇ. ಹಾಲ್‌ನಲ್ಲಿ ಜನ ಸೇರಿದರೆ ಆ ಮೂವರ ಕಾಲು ತಾವಾಗಿಯೇ ಅಡುಗೆಮನೆಗೆ ಹೋಗುತ್ತವೆ. ಮದುವೆಯಾಗಲಿ, ಮಣ್ಣಾಗಲಿ, ಕಾಕಸ್ಸಾಗಲಿ. ನನ್ನ ಕಾಲೂ ಹಾಗೆಯೇ. ಆದ್ದರಿಂದಲೇ ನನಗದು ಹೊಳೆದಿರಲಿಲ್ಲ.

ಒಳಗೆ ಹೋದೆ. ಮೂವರೂ ಏಪ್ರನ್ ಕಟ್ಟಿಕೊಂಡು ನಿಂತಿದ್ದರು.

"ಆರ್ಡಿತ್, ಎಣಿಸಿಬಿಟ್ರು."

"ಎಣಿಸ್ಲಿ ಬಿಡು. ಇನ್ನೊಂದು ಪಾತ್ರೆ ಇಳಿಯೋ ಹೊತ್ತಾಯ್ತು. ನಾವು ನಿನ್ನ ಕಡೆ ಅಂತ ಎಲ್ಲರಿಗೂ ಗೊತ್ತಲ್ಲ."

"ಗೊತ್ತಿದ್ರೆ ಸಾಲದು. ಅಡುಗೆಮನೇಲಿ ಇರೋರನ್ನ ಎಣಿಸಲ್ಲ."

ಆರ್ಡಿತ್ ನನ್ನ ಮುಖ ನೋಡಿದರು. "ಮತ್ತೆ ಅಲ್ಲಿ ಅಷ್ಟು ಜನಕ್ಕೆ ಕಾಫಿ ಹಾಕೋರು ಯಾರು?"

"ಲಾವರ್ನ್‌ಗೆ ಕೈಯಿದೆ."

ಅಂಥ ಮಾತು ನನ್ನ ಬಾಯಿಂದ ಬಂದದ್ದು ಹೇಗೋ. ಕಿರಿಯ ತಂಗಿ ಕೈಯಲ್ಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆರ್ಡಿತ್ ಒಲೆ ಆರಿಸಿದರು, ಏಪ್ರನ್ ಬಿಚ್ಚಲಿಲ್ಲ. ಮೂವರೂ ಹಾಗೆಯೇ ಹೊರಗೆ ಬಂದು ಪಿಯಾನೋ ಪಕ್ಕ ನಿಂತರು. ಹನ್ನೆರಡು.

ಅಷ್ಟರಲ್ಲಿ ವೆಂಡೆಲ್ ಟೋಪಿ ಹಿಡಿದುಕೊಂಡು ಬಂದ. ಹೆಂಡತಿ ಚರ್ಚಿಗೆ ಫೋನ್ ಮಾಡಿದ್ದಳಂತೆ, ಹಸು ಕರು ಹಾಕುತ್ತಿದೆ, ಕರು ಅಡ್ಡ ತಿರುಗಿದೆ.

"ಇಪ್ಪತ್ತು ನಿಮಿಷ ವೆಂಡೆಲ್."

"ಕರುಗೆ ಹೇಳು ಬಾ."

ಹೋಗು ಎಂದೆ. ಬೇರೇನು ಹೇಳಲಿ? ಹನ್ನೊಂದು.

ತೀರ್ಮಾನಿಸದವರ ಗುಂಪಿನಲ್ಲಿ ಐದು ಜನ. ಅವರೂ ಹನ್ನೆರಡು ಮುಟ್ಟದವರು, ಎಲ್ಲಿಗಾದರೂ ಸೇರಲೇಬೇಕು. ಲಾವರ್ನ್ ಭಾವ ಆಗಲೇ ಇಬ್ಬರನ್ನು ಹೆಗಲಿಗೆ ಕೈ ಹಾಕಿ ಒಯ್ದಿದ್ದರು, ಗವರ್ನರ್ ಕಡೆಯವರು ಇನ್ನಿಬ್ಬರನ್ನು. ಮಾವಿಸ್ ಒಬ್ಬಳೇ ಬೈಬಲ್ ಕಪಾಟಿಗೆ ಒರಗಿ ನನ್ನ ರೋಲ್ ತಿನ್ನುತ್ತಿದ್ದಳು.

"ಮೂರೇ ಸಲ ನೋಡಿದೀನಿ ವರ್ಲಾ" ಎಂದಳು ನಾನು ಹತ್ತಿರ ಬರುವ ಮೊದಲೇ.

"ನಿನ್ನ ಗಂಡನ್ನ ಎಷ್ಟು ಸಲ ನೋಡಿ ಒಪ್ಕೊಂಡೆ?"

"ಎರಡು ಸಲ. ಅದಕ್ಕೇ ಈಗ ಹುಷಾರಾಗಿರೋದು."

ಭಾವನವರೂ ಬಂದು ನಿಂತರು. "ಮಾವಿಸ್, ಗೆಲ್ಲೋ ಕಡೆ ನಿಂತ್ಕೊ. ಅವಳಿಗೆ ಟಿಕೆಟ್ ಸಿಗಲ್ಲ ಅಂತ ಊರಿಗೇ ಗೊತ್ತು. ಎರಡು ವರ್ಷದ ಹಸುಗೂಸು ಅದು."

ಮಾವಿಸ್ ನನ್ನ ಕಡೆ ತಿರುಗಿದಳು. "ಸಿಗತ್ತಾ ವರ್ಲಾ? ನಿಜ ಹೇಳು. ಇಷ್ಟು ಜನರೆದುರು ಬರಿದೇ ಹೋಗಿ ನಿಂತು ನಗೆಪಾಟಲಾಗೋಕೆ ನನಗೆ ಇಷ್ಟ ಇಲ್ಲ."

ಕೊರಿನ್ ಬರೆದುಕೊಟ್ಟ ಕಾಗದ ಜೇಬಿನಲ್ಲಿತ್ತು. ಅದರಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

"ನನಗೂ ಗೊತ್ತಿಲ್ಲ" ಎಂದೆ. "ಅವಳು ಹೊಸಬಳು, ತಪ್ಪು ಮಾಡ್ತಾಳೆ, ಇನ್ನೂ ಮಾಡ್ತಾಳೆ. ಕೇಳಿದ್ರೆ ಮಾಡಿದೆ ಅಂತಾಳೆ. ಮೂವತ್ತು ವರ್ಷದಿಂದ ಇರೋರು ನಮ್ಮ ನೀರಿನ ವಿಷಯಕ್ಕೆ ಒಂದು ಫೋನ್ ಮಾಡಿದ್ರಾ? ಭಾವನವರಿಗೆ ಕಾರ್ಡ್ ಬಂತು, ನಮ್ಮ ಬಾವಿಗೆ ಏನು ಬಂತು? ಟಿಕೆಟ್ ಸಿಗತ್ತೋ ಇಲ್ವೋ ಅಂತ ಟಿವಿಯವರು ಮೂರು ತಿಂಗಳಿಂದ ಕೇಳ್ತಾ ಇದಾರೆ. ಅವರ ಕೈಲಿ ಏನೂ ಇಲ್ಲ ಮಾವಿಸ್. ಈ ಮತಗಟ್ಟೇಲಿ ಈ ಹೊತ್ತಿಗೆ ನಿನ್ನ ಕೈಲಿದೆ. ನೀನು ಬಂದ್ರೆ ಅವಳು ಉಳೀತಾಳೆ, ಬರ್ದಿದ್ರೆ ಇಲ್ಲ."

ಇಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ನನಗೆ ತಿಳಿಯಲೇ ಇಲ್ಲ. ಹಾಲ್‌ನವರೆಲ್ಲ ನಮ್ಮ ಕಡೆ ತಿರುಗಿ ನಿಂತಿದ್ದರು.

ಮಾವಿಸ್ ಬೆರಳಿನ ಸಕ್ಕರೆ ನೆಕ್ಕಿದಳು. "ಒಂದು ಮಾತು. ಇಲ್ಲಿ ಉಳಿದ್ರೆ ನಿಮ್ಮ ಗುಂಪಿಂದ ಒಬ್ಬರು ಮಾರ್ಚ್‌ನಲ್ಲಿ ಕೌಂಟಿ ಸಮಾವೇಶಕ್ಕೆ ಹೋಗಬೇಕು, ಟಿಕೆಟ್ ಯಾರಿಗೆ ಅಂತ ಇಡೀ ಜಿಲ್ಲೆ ಲೆಕ್ಕ ಮತ್ತೆ ಅಲ್ಲೇ ಆಗೋದು. ಅಲ್ಲಿ ಇವರು ಬೆನ್ನು ತಟ್ಟಿ ಬೇರೆ ಕಡೆ ಎಳ್ಕೊಳ್ತಾರೆ. ಸುಮ್ಮನೆ ತಲೆ ಆಡಿಸೋರು ಹೋಗೋದಾದ್ರೆ ನಾನು ಬರಲ್ಲ. ನೀನು ಹೋಗ್ತೀಯಾ?"

"ನಾನಾ?"

"ಮತ್ತೆ ಪಿಯಾನೋನ ಕಳಿಸ್ತೀಯಾ?"

ಹೋಗುತ್ತೇನೆ ಎಂದೆ. ಅವಳು ನನ್ನ ಹಿಂದೆ ಬಂದಳು.

ಕೊನೆಯ ಎಣಿಕೆ ಭಾವನವರೇ ಮಾಡಬೇಕಾಯಿತು. ಒಬ್ಬೊಬ್ಬರ ತಲೆಗೂ ಬೆರಳು ತೋರಿಸಿ ನಿಧಾನವಾಗಿ ಎಣಿಸಿದರು. ಏಪ್ರನ್ ತೊಟ್ಟ ಮೂವರ ಬಳಿ ಬಂದಾಗ ಸ್ವಲ್ಪ ನಿಂತರು. "ನೀವು ಮೂವರೂ ಇಲ್ಲೇ ಇದ್ರಾ?" ಎಂದು ಕೇಳಿದರು. "ಯಾವಾಗಲೂ ಇಲ್ಲೇ ಇದೀವಿ ಲಾವರ್ನ್" ಎಂದರು ಆರ್ಡಿತ್.

ಹನ್ನೆರಡು.

ಅತ್ತ ಯಾರೋ ಕಾಫಿ ಎಲ್ಲಿ ಎಂದು ಕೂಗುತ್ತಿದ್ದರು. ಯಾರೂ ಅಲುಗಾಡಲಿಲ್ಲ. ಕೊನೆಗೆ ಆರ್ಲೋ ಅಡುಗೆಮನೆಗೆ ಹೋಗಿ ಪಾತ್ರೆ ಎತ್ತಿಕೊಂಡು ಬಂದು, ವಿಟ್ಕಾಂಬ್ ಬಿಲ್ಲೆ ಎದೆಗೆ ಚುಚ್ಚಿಕೊಂಡೇ ಎಲ್ಲರ ಲೋಟಕ್ಕೂ ಸುರಿದ. ಅರ್ಧ ನೆಲಕ್ಕೆ ಹೋಯಿತು.

ದೇವರೇ, ಸ್ತೋತ್ರ. ವೆಂಡೆಲ್‌ನ ಕರು ಬದುಕಿದೆ.

ಜನವರಿ 20, ಮಂಗಳವಾರ

ರಾಜ್ಯದಲ್ಲೆಲ್ಲ ಸೇರಿ ಮಿರಿಯಮ್ ಮೂರನೆಯವಳು. ವಿಟ್ಕಾಂಬ್ ಮೊದಲು.

ಆರ್ಲೋ ತಿಂಡಿಯ ಹೊತ್ತಿಗೆ ಪೇಪರ್ ಓದಿದ, ನನಗೆ ಕೇಳುವಂತೆ, ಆದರೆ ಹಂಗಿಸುವ ಧ್ವನಿಯಲ್ಲಲ್ಲ. ಅನುಭವ ಸಾಲದು ಎಂದು ಬರೆದಿದ್ದರು.

ಕೊರಿನ್ ಮುಂದಿನ ರಾಜ್ಯಕ್ಕೆ ಹೊರಟಳು. ಬಾಗಿಲಲ್ಲಿ ನಿಂತು ಅತ್ತುಬಿಟ್ಟಳು. ಮೂರನೆಯ ಸ್ಥಾನ, ಹಣ ಬರುವುದು ನಿಲ್ಲುತ್ತದೆ, ಇನ್ನೆರಡು ವಾರ ನಡೆದರೆ ಹೆಚ್ಚು ಎಂದಳು. ಅಳುತ್ತ ನಿಲ್ಲಲು ಹೊತ್ತಿಲ್ಲ ಎಂದೆ. ನಮ್ಮ ಕೌಂಟಿಯಲ್ಲಿ ಇನ್ನೆಷ್ಟು ಕಡೆ ಮಿರಿಯಮ್ ಗುಂಪು ಉಳಿದಿದೆ, ಅವರ ಮುಂದಾಳುಗಳು ಯಾರು, ಅದನ್ನು ಹೇಳಿ ಹೋಗು ಎಂದೆ. ಆರು ಕಡೆ ಉಳಿದಿತ್ತು. ಇಬ್ಬರು ನನಗೆ ಗೊತ್ತು. ಒಬ್ಬಳು ಆರ್ಡಿತ್ ಅವರ ಸಂಬಂಧಿ.

ಸಂಜೆ ಲಾವರ್ನ್ ಭಾವ ಫೋನ್ ಮಾಡಿದರು, ಸಮಾವೇಶಕ್ಕೆ ಜೊತೆಯಲ್ಲೇ ಲಾರಿಯಲ್ಲಿ ಹೋಗೋಣ, ದಾರಿಯಲ್ಲಿ ಮಾತಾಡಬಹುದು ಎಂದು. ನನ್ನ ಕಾರಿನಲ್ಲಿ ಬರುತ್ತೇನೆ, ನನ್ನ ಜೊತೆ ಜನ ಇರುತ್ತಾರೆ ಎಂದೆ.

ಆರ್ಲೋ ಕೇಳಿಸಿಕೊಂಡ. ಹಂದಿಮನೆಗೆ ಹೋಗಲು ಬೂಟು ಹಾಕಿಕೊಳ್ಳುತ್ತ, "ಈಗ ಯಾರೂ ಕೇಳ್ತಾ ಇಲ್ಲ, ನಾವಿಬ್ಬರೇ ಇದೀವಿ. ಅವಳಿಗೆ ಟಿಕೆಟ್ ಸಿಗತ್ತೆ ಅನ್ಸತ್ತಾ ನಿನಗೆ?" ಎಂದ.

"ನಮ್ಮ ಕೌಂಟೀಲಿ ಸಿಗತ್ತೆ."

"ಉಳಿದ ದೇಶ?"

"ಅಲ್ಲೂ ಅಡುಗೆಮನೇಲಿ ಹೆಂಗಸರು ಇದಾರಲ್ಲ" ಎಂದು ಹೇಳಿ ಫೋನ್ ಎತ್ತಿಕೊಂಡೆ.